ಕ್ಯಾಪ್ಸ್‌ಲಾಕಿಗೆ ಹೊಸ ಕೆಲಸ

ಕೀಲಿಮಣೆಯಲ್ಲಿ ಎ ಪಕ್ಕಕ್ಕೇ ಕ್ಯಾಪ್ಸ್‌ಲಾಕ್ ಕೂತಿದೆ. ಜಾಗ ಆಯಕಟ್ಟಿನದು, ಕೆಲಸ ಮಾತ್ರ ಅಪರೂಪ. ಲಿನಕ್ಸ್ ಹವ್ಯಾಸಿಗಳ ಕಣ್ಣು ಮೊದಲು ಬೀಳುವುದು ಇದರ ಮೇಲೇ. ಬಿಲ್ ಜಾಯ್ ‘ವಿಐ’ ಎಡಿಟರ್ ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಆ ಜಾಗ ಕಂಟ್ರೋಲ್‌ನದು, ಎಸ್ಕೇಪ್ ಇದ್ದದ್ದು ಕ್ಯೂ ಪಕ್ಕ. ಕೀಲಿಗಳ ಕೆಲಸ ಬದಲಿಸುವ ‘ಕೀಡಿ’ ಎಂಬ ತಂತ್ರಾಂಶದಲ್ಲಿ ಒಂದೇ ಸಾಲು ಬರೆದರೆ ಎರಡೂ ಕೈಗೆ ಸಿಗುತ್ತವೆ: ಕ್ಯಾಪ್ಸ್‌ಲಾಕ್ ತಟ್ಟಿದರೆ ಎಸ್ಕೇಪ್, ಒತ್ತಿ ಹಿಡಿದರೆ ಕಂಟ್ರೋಲ್.

ರುಚಿ ಹತ್ತಿದ ಮೇಲೆ ಸಾಲುಗಳು ಬೆಳೆಯುತ್ತವೆ. ಇನ್ನೊಂದು ಕೀಲಿ ಒತ್ತಿ ಹಿಡಿದಾಗ ಎಚ್, ಜೆ, ಕೆ, ಎಲ್ ಬಾಣಗಳಾಗುತ್ತವೆ. ಹೊರಗಿನ ಕೀಬೋರ್ಡ್‌ನಲ್ಲಿ ಆಲ್ಟ್ ಮತ್ತು ವಿಂಡೋಸ್ ಕೀಲಿಗಳು ಜಾಗ ಬದಲಿಸಿಕೊಳ್ಳುತ್ತವೆ. ನಿಜವಾದ ಮಜಾ ಶುರುವಾಗುವುದು ಇವನ್ನೆಲ್ಲ ವಿಂಗಡಿಸಲು ಕೂತಾಗ: ಯಾವ ಸಾಲು ಕೈಯ ಅಭ್ಯಾಸದ್ದು, ಯಾವುದು ಕೀಬೋರ್ಡ್‌ನದ್ದು?

ಕೀಡಿ ಪ್ರತಿ ಕೀಬೋರ್ಡನ್ನೂ ಅದರ ಸಂಖ್ಯೆಯಿಂದ ಗುರುತಿಸುತ್ತದೆ. ‘ಮಾನಿಟರ್’ ಆದೇಶ ಕೊಟ್ಟು ಒಂದು ಕೀಲಿ ಒತ್ತಿದರೆ ಸಾಕು, ಸಂಖ್ಯೆ ಪರದೆಗೆ ಬರುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳದ್ದು 0001:0001. ಈ ಸಂಖ್ಯೆಯನ್ನು ಆಯಾ ಕೀಬೋರ್ಡ್‌ನ ಸಾಲುಗಳಿರುವ ಫೈಲಿನಲ್ಲಿ ಬರೆಯಬೇಕು. ಸಂಖ್ಯೆಯ ಬದಲು ನಕ್ಷತ್ರ ಚಿಹ್ನೆ ಹಾಕಿದ ಫೈಲು ಉಳಿದೆಲ್ಲ ಕೀಬೋರ್ಡ್‌ಗಳಿಗೆ. ತನ್ನದೇ ಫೈಲು ಇರುವ ಕೀಬೋರ್ಡ್ ಮಾತ್ರ ಈ ನಕ್ಷತ್ರದ ಫೈಲಿನತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಎಲ್ಲಕ್ಕೂ ಬೇಕಾದ ಸಾಲುಗಳನ್ನು ‘ಕಾಮನ್’ ಎಂಬ ಬೇರೆ ಫೈಲಿಗೆ ಹಾಕಿ, ಉಳಿದವುಗಳಲ್ಲಿ ‘ಇನ್‌ಕ್ಲೂಡ್’ ಎಂದು ಕರೆಸಿಕೊಳ್ಳಬೇಕು. ಆ ಫೈಲಿನ ಹೆಸರಿಗೆ ‘ಕಾನ್ಫ್’ ಬಾಲ ಇರಬಾರದು. ಇದ್ದರೆ ಕೀಡಿ ಅದನ್ನೂ ಇನ್ನೊಂದು ಕೀಬೋರ್ಡ್‌ನ ಫೈಲು ಎಂದುಕೊಳ್ಳುತ್ತದೆ.

ಎಡವಟ್ಟಾಗಿ ಕೀಬೋರ್ಡೇ ಮಾತು ಕೇಳದಿದ್ದರೆ? ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಅದುಮಿದರೆ ಕೀಡಿ ತೆಪ್ಪಗೆ ಜಾಗ ಖಾಲಿ ಮಾಡುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಂಗಡಣೆಯಲ್ಲಿ ಇನ್ನೊಂದು ಕಸರತ್ತುಂಟು. ಕೀಡಿ ಕೆಲಸ ಮಾಡುವುದು ಭಾಷೆಯ ವಿನ್ಯಾಸಕ್ಕಿಂತ ಕೆಳಗಿನ ಹಂತದಲ್ಲಿ. ಇಂಗ್ಲಿಷಿಗೆಂದು ಮಾಡಿದ ಬದಲಾವಣೆ ಕನ್ನಡಕ್ಕೂ ತಗಲುತ್ತದೆ. ಎಫ್ ಒತ್ತಿ ಹಿಡಿದರೆ ಶಿಫ್ಟ್ ಆಗಲಿ ಎನ್ನುವುದು ಹಲವರ ಇಷ್ಟದ ಏರ್ಪಾಟು. ಆದರೆ ಕನ್ನಡದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿಯೇ ಎಫ್. ‘ಅಕ್ಕ’ ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ವೇಗದಲ್ಲಿ ಎಫ್ ಮೇಲಿಂದ ಬೆರಳೆತ್ತುವ ಮೊದಲೇ ಎರಡನೆಯ ಕೆ ಬಿದ್ದರೆ ಅದು ಶಿಫ್ಟ್ ಜೊತೆಗಿನ ಕೆ ಆಗಿ, ಅಕ್ಕ ಹೋಗಿ ‘ಅಕಖ’ ಬರುತ್ತದೆ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಎರಡು ಸಾಲು ದಾಟುವುದೂ ಕಷ್ಟ. ಕಾಮನ್ ಫೈಲಿನಲ್ಲಿ ಎಫ್ ಸಾಲನ್ನು ಕೀಡಿ ಓದದಂತೆ ಅದರ ಮುಂದೆ ಒಂದು ಹ್ಯಾಶ್ ಹಾಕಿ, ರೀಲೋಡ್ ಮಾಡಿದರೆ ‘ಅಕ್ಕ’ ಸರಿಯಾಗಿ ಮೂಡುತ್ತದೆ. ಶಿಫ್ಟಿಗೆ ಬೇರೆ ಬೆರಳು ಹುಡುಕುವ ಕೆಲಸ ಬಾಕಿ ಉಳಿಯುತ್ತದೆ.