ಮಾಮಾ, ಅವರ್ಯಾಕ ನಮ್ಮ ಮುಂದ ಹೊಂಟ್ರು?

ಕಳೆದ ಮೇ ತಿಂಗಳಲ್ಲಿ ಅಕ್ಕ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದಿದ್ದಳು. ಜೊತೆಗೆ ಅಪ್ಪ. ಸಿಂದಗಿಗೆ ರೈಲಿಲ್ಲ. ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು, ಅಲ್ಲಿಂದ ರಾತ್ರಿಯಿಡೀ ರೈಲು. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ. ಇನ್ನೊಂದರಲ್ಲಿ ಇಂಡಿಯ ನಮ್ಮ ತೋಟದ ಲಿಂಬೆಹಣ್ಣು.

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವನಿಗೆ ವಿಧಾನಸೌಧವೂ ಬೇಡ, ಲಾಲ್‌ಬಾಗೂ ಬೇಡ. ರೀಲ್ಸ್‌ನಲ್ಲಿ ನೋಡಿದ್ದ ಒಂದು ರೋಲರ್ ಕೋಸ್ಟರ್ ಮಾತ್ರ ಬೇಕು. ಅದಕ್ಕೆ 140 ಸೆಂಟಿಮೀಟರ್ ಎತ್ತರ ಇರಬೇಕೆಂದು ಅವನೇ ಪತ್ತೆ ಹಚ್ಚಿ, ಸಿಂದಗಿಯ ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತು, ತಂಗಿಯ ಕೈಯಿಂದ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಸಿಕೊಂಡಿದ್ದ. 141.

ಊರ ಹೊರಗಿನ ಒಂದು ದೊಡ್ಡ ಪಾರ್ಕಿಗೆ ಆನ್‌ಲೈನಿನಲ್ಲಿ ಐದು ಟಿಕೆಟ್ ಮಾಡಿದೆ. ದುಡ್ಡು ಕಟ್ಟುವ ಮುಂಚೆ ಆ್ಯಪ್ ಒಂದು ಪ್ರಶ್ನೆ ಕೇಳಿತು: ಕ್ಯೂ ಇಲ್ಲದೆ ನೇರ ಹೋಗುವ ಟಿಕೆಟ್ ಬೇಕಾ? ಹೆಚ್ಚು ಕಡಿಮೆ ಎರಡು ಪಟ್ಟು ದರ. ಐದು ಮಂದಿಗೆ ಲೆಕ್ಕ ಹಾಕಿದೆ. ಆ ತಿಂಗಳ ಮನೆ ಬಾಡಿಗೆ ಕಣ್ಣ ಮುಂದೆ ಬಂತು. ‘ಬೇಡ’ ಒತ್ತಿದೆ. ಅರ್ಧ ಗಂಟೆ ನಿಂತರೆ ಏನಾಗುತ್ತೆ, ನಾವೇನು ಪಾಳಿ ಕಾಣದವರಾ?

ನಮ್ಮ ಕಡೆ ಕ್ಯೂಗೆ ಪಾಳಿ ಅಂತೀವಿ. ಸಾಲಿಗೂ ಅದೇ ಮಾತು, ಆ ಸಾಲಿನಲ್ಲಿ ನಮ್ಮ ಸರದಿಗೂ ಅದೇ ಮಾತು.

ಮಧ್ಯಾಹ್ನ ಮೂರರ ಹೊತ್ತಿಗೆ ಆ ರೋಲರ್ ಕೋಸ್ಟರ್ ಪಾಳಿಗೆ ನಿಂತೆವು. ಕಬ್ಬಿಣದ ಸರಳುಗಳ ನಡುವೆ ಹಾವಿನ ಹಾಗೆ ಸುತ್ತುವ ಸಾಲು. ಪಕ್ಕದಲ್ಲೇ ಇನ್ನೊಂದು ದಾರಿ, ಖಾಲಿ. ಕೈಗೆ ಬಣ್ಣದ ಪಟ್ಟಿ ಕಟ್ಟಿಕೊಂಡವರು ಅದರಲ್ಲಿ ಬರುತ್ತಾರೆ, ಗೇಟಿನವನು ನಮ್ಮನ್ನು ತಡೆದು ಅವರನ್ನು ಬಿಡುತ್ತಾನೆ. ಮೊದಲು ಇಬ್ಬರು, ಆಮೇಲೆ ಆರು ಮಂದಿ, ಆಮೇಲೆ ಮೊದಲು ಹೋದ ಇಬ್ಬರೇ ಮತ್ತೆ!

“ಮಾಮಾ, ಅವರ್ಯಾಕ ನಮ್ಮ ಮುಂದ ಹೊಂಟ್ರು?”

“ಅವರದು ಬ್ಯಾರೆ ಟಿಕೀಟ ಐತಿ. ಹೆಚ್ಚಿಗಿ ರೊಕ್ಕ ಕೊಟ್ಟಾರ.”

“ನಾವೂ ರೊಕ್ಕ ಕೊಟ್ಟೀವಲ್ಲ?”

ನಾನು ಮೊಬೈಲ್ ತೆಗೆದು ಏನೋ ನೋಡುವ ಹಾಗೆ ಮಾಡಿದೆ.

ಮುಕ್ಕಾಲು ಗಂಟೆಯಾದರೂ ಅರ್ಧ ದಾರಿ ಮಾತ್ರ ಸವೆದಿತ್ತು. ಸಣ್ಣಾಕಿ ಅಕ್ಕನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಇನ್ನೆಷ್ಟು ಹೊತ್ತು ಅಂತ ಕೇಳೋಣವೆಂದು ಸರಳು ದಾಟಿ ಗೇಟಿನ ಹುಡುಗನ ಹತ್ತಿರ ಹೋದೆ. ನನ್ನ ಮಾತು ಕೇಳಿದ್ದೇ ಅವನ ಮುಖ ಅರಳಿತು. “ಯಾವ ಊರ್ರಿ ನಿಮ್ಮದು?” ಇಂಡಿ ಅಂದೆ. ಅವನು ಮುದ್ದೇಬಿಹಾಳದವನಂತೆ. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಾನೆ, ಬೈಗುಳ ತಿನ್ನುವುದೇ ಅವನ ಕೆಲಸವಂತೆ. “ಪಾಳಿಯವ್ರು ನನಗ ಬೈತಾರ, ಪಟ್ಟಿಯವ್ರು ‘ಲೇಟಾತು’ ಅಂತ ನನಗ ಬೈತಾರ. ಮ್ಯಾಲಿನವ್ರು ಹೇಳ್ದಂಗ ಮಾಡ್ತೀನ್ರಿ.” ಆಮೇಲೆ ದನಿ ತಗ್ಗಿಸಿ, “ಸಣ್ಣಾಂವನ್ನ ಕರ್ಕೊಂಡ್ ಬರ್ರಿ ಅಣ್ಣಾ. ನಿಮ್ಮಿಬ್ಬರನ್ನ ಈ ಬಾಗಲದಾಗಿಂದ ಬಿಡ್ತೀನಿ. ನಮ್ಮ ಕಡೆಯವ್ರು ನೀವು.”

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಓಡಿ ಬಂದು ಹುಡುಗನ ಕೈ ಹಿಡಿದೆ. ಅಪ್ಪ ಏನೆಂದು ಕೇಳಿದರು. ಹೇಳಿದೆ.

“ಬ್ಯಾಡ. ಹಿಂದ ಮಂದಿ ನಿಂತಾರ.”

“ಅಪ್ಪಾ, ರೊಕ್ಕ ಕೊಟ್ಟವ್ರು ಹೊಂಟಾರಲ್ಲ…”

“ಅವರು ಹೋಗ್ಲಿ. ನಾವು ಬ್ಯಾಡ.”

ಎಪ್ಪತ್ತು ದಾಟಿದ ಮುದುಕ, ಮೊಣಕಾಲು ನೋವು, ಎರಡು ಗಂಟೆಯಿಂದ ಒಂದು ಲೋಟ ನೀರು ಕುಡಿದಿಲ್ಲ. ಎದುರಾಡಲಿಲ್ಲ. ಹುಡುಗ ನನ್ನ ಮುಖ ನೋಡಿದ, ಅಜ್ಜನ ಮುಖ ನೋಡಿದ, ಮತ್ತೆ ಸರಳಿಗೆ ಒರಗಿ ನಿಂತ.

ಕಡೆಗೂ ನಮ್ಮ ಮುಂದೆ ಹನ್ನೆರಡು ಮಂದಿ ಉಳಿದರು. ಮುಂದಿನ ಸುತ್ತಿನಲ್ಲಿ ನಾವು. ಅಷ್ಟರಲ್ಲಿ ಆ ಕಡೆಯಿಂದ ಹುಟ್ಟುಹಬ್ಬದ ಗುಂಪೊಂದು ಬಂತು, ಹದಿನೈದು ಇಪ್ಪತ್ತು ಹುಡುಗರು. ಒಂದು ಸುತ್ತು ಅವರದೇ ಆಯಿತು. ಅದು ಮುಗಿದು ಗಾಡಿ ವಾಪಸ್ ಬರುವ ಹೊತ್ತಿಗೆ ಬೆಂಗಳೂರಿನ ಮೇ ತಿಂಗಳ ಮಳೆ. ಗುಡುಗು. ಮೈಕಿನಲ್ಲಿ ಹೇಳಿದರು: ಸುರಕ್ಷತೆಯ ದೃಷ್ಟಿಯಿಂದ ಎತ್ತರದ ರೈಡ್‌ಗಳನ್ನು ನಿಲ್ಲಿಸಲಾಗಿದೆ. ಪಾರ್ಕು ಮುಚ್ಚುವ ತನಕ ಮಳೆ ನಿಲ್ಲಲಿಲ್ಲ.

ಗುಡುಗಿನಲ್ಲಿ ಯಾರೂ ರೈಡ್ ಓಡಿಸಬಾರದು, ಅದು ಸರಿ. ಆದರೆ ಹುಡುಗ ಅಳಲಿಲ್ಲ ನೋಡಿ, ಅದು ನನಗೆ ಕಷ್ಟವಾಯಿತು.

ಕ್ಯಾಬಿನಲ್ಲಿ ಅಕ್ಕ ಅಪ್ಪನ ಮೇಲೆ ಸಿಟ್ಟು ಕಾರಿಕೊಂಡಳು. “ಒಂದ್ ಕೂಸು. ಒಂದs ಒಂದ್ ಕೂಸು ಮುಂದ ಹೋಗಿದ್ರ ಯಾರದೇನ್ ಗಂಟು ಹೋಗ್ತಿತ್ತು?” ಅಪ್ಪ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ, ಅವಳಿಗೆ ಉತ್ತರ ಅಲ್ಲವೇನೋ ಎಂಬಂತೆ, “ನಿಮ್ಮವ್ವ ಟ್ಯಾಂಕರ್ ಪೈಪಿನ ಮ್ಯಾಲ ನಿಂತಿದ್ದು ನೆನಪೈತೇನ್?” ಅಂದರು.

ಅಕ್ಕನಿಗೆ ನೆನಪಿತ್ತು. ನನಗೂ ಮಸುಕಾಗಿ.

ಇಂಡಿ ಕಡೆಯವರಿಗೆ ಬೇಸಿಗೆ ಅಂದರೆ ನೀರಿನ ಚಿಂತೆ. ನಮ್ಮ ಹಳ್ಳಿಗೆ ಟ್ಯಾಂಕರ್ ಬರುವ ದಿನ ನಸುಕಿನಲ್ಲೇ ಕೊಡಗಳ ಪಾಳಿ ಹಚ್ಚುತ್ತಿದ್ದರು. ಮನುಷ್ಯರು ನಿಲ್ಲುತ್ತಿರಲಿಲ್ಲ, ಕೊಡ ನಿಲ್ಲುತ್ತಿತ್ತು. ಕೊಡ ಇಲ್ಲದಿದ್ದರೆ ಒಂದು ಕಲ್ಲು. ಆ ಕಲ್ಲು ಯಾರದು ಅಂತ ಓಣಿಗೆಲ್ಲ ಗೊತ್ತು. ಒಂದು ದಿನ ದೊಡ್ಡ ಮನೆಯವರ ಆಳು ಬಂಡಿಯಲ್ಲಿ ಡ್ರಮ್ಮು ತಂದು, ಡ್ರೈವರನ ಕೈಗೆ ನೋಟು ಇಟ್ಟು, ಪೈಪು ತಿರುಗಿಸಿಕೊಂಡ. ಹೆಂಗಸರು ಬೈದರು, ಅವನು ಕೇಳಿಸಿಕೊಳ್ಳಲಿಲ್ಲ. ಅವ್ವ ಬೈಯಲಿಲ್ಲವಂತೆ. ಸುಮ್ಮನೆ ಹೋಗಿ ಕ್ಯಾನ್ವಾಸ್ ಪೈಪಿನ ಮೇಲೆ ಎರಡೂ ಕಾಲಿಟ್ಟು ನಿಂತಳಂತೆ. ಅವಳ ಪಕ್ಕ ಇನ್ನೊಬ್ಬಳು. ಡ್ರಮ್ಮಿಗೆ ನೀರು ನಿಂತುಹೋಯಿತು.

ಅದೇ ಪಾಳಿಯಲ್ಲಿ ಬಸುರಿ ಬಂದರೆ ಮೊದಲು ಅವಳಿಗೆ. ಸಾವಾದ ಮನೆಯವರು ಬಂದರೆ ಮೊದಲು ಅವರಿಗೆ. ಮದುವೆ ಮನೆಯವರು “ಎರಡ್ ಕೊಡ ತುಂಬ್ಕೋತೀವ್ರಿ” ಅಂತ ಕೇಳಿದರೆ ಯಾರೂ ಇಲ್ಲ ಅಂದಿದ್ದಿಲ್ಲ. ಅವರು ಕೇಳುತ್ತಿದ್ದದ್ದು ನಿಂತವರನ್ನು. ಡ್ರೈವರನನ್ನಲ್ಲ. ಮುಂದೆ ಹೋಗುವ ಅಪ್ಪಣೆ ಪಾಳಿಯದು, ಯಾಕೆಂದರೆ ಕಾಯುವವರು ಅವರು.

ಹಾಗಂತ ನಮ್ಮ ಕಡೆಯವರು ಪಾಳಿಗೆ ಭಾರೀ ಸಾಚಾ ಅಂದುಕೊಳ್ಳಬೇಡಿ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನಾನು ಐದನೇ ಕ್ಲಾಸಿಗೇ ಕಲಿತಿದ್ದೆ. ಟವೆಲ್ ಇಲ್ಲದಿದ್ದರೆ ತಂಗಿಯನ್ನೇ ಒಳಗೆ ದಬ್ಬಿದವರನ್ನು ನೋಡಿದ್ದೇನೆ. ಆದರೆ ಅಲ್ಲಿ ಜಗಳಕ್ಕೆ ಅವಕಾಶ ಇತ್ತು. ಟವೆಲ್ ಎತ್ತಿ ಬಿಸಾಡಬಹುದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಪಾಳಿಯಲ್ಲಿ ನಿಂತಾಗ ಬೇಸರಕ್ಕೆ ಎಣಿಸಿದ್ದ ಲೆಕ್ಕ ತಲೆಯಲ್ಲೇ ಇತ್ತು. ಗಾಡಿಯಲ್ಲಿ 24 ಸೀಟು. ಸುಮಾರು 4 ನಿಮಿಷಕ್ಕೊಂದು ಸುತ್ತು, ಅಂದರೆ ಗಂಟೆಗೆ 15 ಸುತ್ತು, 360 ಮಂದಿ. ಪ್ರತಿ ಸುತ್ತಿಗೂ ಆ ಇನ್ನೊಂದು ಬಾಗಿಲಿನಿಂದ ಸರಾಸರಿ ಹತ್ತು ಮಂದಿ ಹೋಗುತ್ತಿದ್ದರು. ಹಾಗಾಗಿ ನಮ್ಮ ಪಾಳಿಗೆ ಸಿಕ್ಕಿದ್ದು ಗಂಟೆಗೆ 210 ಸೀಟು. ಮುಂದೆ 210 ಮಂದಿ ಇದ್ದರೆ ಒಂದು ಗಂಟೆ ನಿಲ್ಲಬೇಕು. ಆ ಬಾಗಿಲು ಇಲ್ಲದಿದ್ದರೆ? 35 ನಿಮಿಷ.

‘ಅವರೂ ನಿಮ್ಮ ಪಾಳಿಯಲ್ಲೇ ನಿಂತಿರುತ್ತಿದ್ದರಲ್ಲ’ ಅಂತ ನೀವು ಕೇಳಬಹುದು. ನಿಂತಿರುತ್ತಿದ್ದರು, ಆದರೆ ನಮ್ಮ ಹಿಂದೆ. ನಮಗಿಂತ ಆಮೇಲೆ ಬಂದವರು ಅವರು. ಮತ್ತೆ ಎರಡನೇ ಸಲ, ಮೂರನೇ ಸಲ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ನಾನು ಇಷ್ಟು ದಿನ ಅಂದುಕೊಂಡಿದ್ದೆ, ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚಿನ ಸೇವೆ ಸಿಗುತ್ತದೆ, ಏನು ತಪ್ಪು ಅಂತ. ಹೋಟೆಲಿನಲ್ಲಿ ಎ.ಸಿ. ರೂಮಿಗೆ ಹೆಚ್ಚು ಕೊಟ್ಟರೆ ಪಕ್ಕದ ರೂಮಿನವನ ಫ್ಯಾನ್ ನಿಲ್ಲುವುದಿಲ್ಲ. ಇಲ್ಲಿ ನಿಲ್ಲುತ್ತದೆ. ಆ ದುಬಾರಿ ಟಿಕೆಟ್ಟಿಗೆ ಒಂದು ಸೀಟೂ ಹೆಚ್ಚಾಗಲಿಲ್ಲ, ಗಾಡಿ ಜೋರಾಗಿ ಓಡಲಿಲ್ಲ. ಅವರು ಉಳಿಸಿಕೊಂಡ 25 ನಿಮಿಷ ನಮ್ಮದು. ಪಾರ್ಕು ನಮ್ಮ ಹೊತ್ತನ್ನು ಅವರಿಗೆ ಮಾರಿ ದುಡ್ಡನ್ನು ತಾನಿಟ್ಟುಕೊಂಡಿತು. ಇನ್ನೂ ಒಂದು ಮಾತಿದೆ: ನಮ್ಮ ಪಾಳಿ ಎಷ್ಟು ಉದ್ದವಾಗಿ, ಎಷ್ಟು ಬಿಸಿಲಲ್ಲಿ ನಿಂತರೆ ಅಷ್ಟು ಆ ಟಿಕೆಟ್ ಖರ್ಚಾಗುತ್ತದೆ. ಹಾಗಿದ್ದ ಮೇಲೆ ಪಾಳಿ ಸಣ್ಣದಾಗಲಿ ಅಂತ ಯಾವ ಮಾಲೀಕ ತಾನೇ ಬಯಸುತ್ತಾನೆ?

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಡಿಸ್ನಿ ವರ್ಲ್ಡ್ 1999ರಲ್ಲಿ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದು ಪುಕ್ಕಟೆ. ಯಂತ್ರದಿಂದ ಒಂದು ಚೀಟಿ ತೆಗೆದುಕೊಂಡು ಅದರಲ್ಲಿ ಬರೆದ ಹೊತ್ತಿಗೆ ವಾಪಸ್ ಬರಬೇಕು, ಅಷ್ಟೇ. ನಮ್ಮ ಪಾಳಿಯ ಕಲ್ಲಿನ ಹಾಗೆಯೇ. ಚೀಟಿ ಕಾಯುತ್ತದೆ, ನೀವು ತಿರುಗಾಡಿ. ಪಾರ್ಕಿನೊಳಗೆ ಬಂದ ಯಾರಿಗಾದರೂ ಸಿಗುತ್ತಿತ್ತು. 2021ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ದಿನಕ್ಕೆ 15 ಡಾಲರಿನ ಸೇವೆ ಬಂತು. 2024ರ ಹೊತ್ತಿಗೆ ಎಲ್ಲಕ್ಕಿಂತ ಮೇಲಿನ ಪಾಸು ಜನಸಂದಣಿಯ ದಿನಗಳಲ್ಲಿ 449 ಡಾಲರ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 37 ಸಾವಿರ ರೂಪಾಯಿಗೂ ಮೇಲೆ, ಒಬ್ಬರಿಗೆ, ಒಂದು ದಿನಕ್ಕೆ, ಪ್ರವೇಶದ ಟಿಕೆಟ್ ಬೇರೆ. ಹಾರ್ವರ್ಡಿನ ಪ್ರೊಫೆಸರ್ ಮೈಕೆಲ್ ಸ್ಯಾಂಡೆಲ್ 2012ರಲ್ಲಿ ಹಣದಿಂದ ಏನನ್ನು ಕೊಳ್ಳಬಾರದು ಅನ್ನುವ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಇಂಥ ಪಾಳಿಗಳ ಮೇಲಿದೆ. ಕೆಲವು ಪಾರ್ಕುಗಳು ದುಡ್ಡು ಕೊಟ್ಟವರನ್ನು ಹಿಂಬಾಗಿಲಿನಿಂದ ಒಳಗೆ ಬಿಡುತ್ತವೆ ಅನ್ನುತ್ತಾರೆ ಅವರು. ನಿಂತವರ ಕಣ್ಣಿಗೆ ಬೀಳಬಾರದಲ್ಲ! ನಮ್ಮಲ್ಲಿ ಅಷ್ಟೂ ನಾಚಿಕೆ ಇಲ್ಲ, ಪಕ್ಕದಲ್ಲೇ ಬಾಗಿಲು.

ಇಷ್ಟೆಲ್ಲ ಬರೆಯುವ ನಾನು ಯಾರು? ತತ್ಕಾಲ್ ಇಲ್ಲದೆ ದೀಪಾವಳಿಗೆ ಊರು ಮುಟ್ಟಿದ್ದೇ ಇಲ್ಲ. ತಿರುಪತಿಗೆ ಹೋದಾಗ 300 ರೂಪಾಯಿಯ ವಿಶೇಷ ಪ್ರವೇಶದ ಟಿಕೆಟ್ ತೆಗೆದುಕೊಂಡೇ ಹೋಗಿದ್ದೆ, ಸರ್ವದರ್ಶನದ ಸಾಲು ಎಷ್ಟು ಉದ್ದ ಇತ್ತು ಅಂತ ತಿರುಗಿಯೂ ನೋಡಲಿಲ್ಲ. ಆಗ ಯಾವ ಲೆಕ್ಕವೂ ತಲೆಗೆ ಬಂದಿರಲಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಜುಲೈನಲ್ಲಿ ಆಫೀಸಿನವರು ಟೀಮ್ ಔಟಿಂಗ್ ಅಂತ ಅದೇ ಪಾರ್ಕಿಗೆ ಕರೆದುಕೊಂಡು ಹೋದರು. ಎಲ್ಲರ ಕೈಗೂ ಬಣ್ಣದ ಪಟ್ಟಿ. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದೇ ರೋಲರ್ ಕೋಸ್ಟರ್. ಖಾಲಿ ದಾರಿಯಲ್ಲಿ ನಡೆಯುವಾಗ ಪಕ್ಕದ ಸರಳಿನಾಚೆ ಒಬ್ಬ ಹೆಂಗಸು ಮಗುವಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನನ್ನ ಕಡೆ ನೋಡಿದಳು. ಬೈಯುವ ನೋಟ ಅಲ್ಲ, ಸುಮ್ಮನೆ ಎಣಿಸುವ ನೋಟ. ಇವರು ಎಷ್ಟು ಮಂದಿ, ನಮ್ಮ ಸುತ್ತು ಯಾವಾಗ ಅಂತ. ಆ ಎಣಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ನಿಮಿಷದಲ್ಲಿ ಮುಗಿದುಹೋಯಿತು. ಮತ್ತೊಮ್ಮೆ ಹೋಗೋಣ ಅಂತ ಗೆಳೆಯರು ಕರೆದರು. ಹೊಟ್ಟೆ ತೊಳಸುತ್ತಿದೆ ಅಂದೆ. ಗೇಟಿನಲ್ಲಿ ಮುದ್ದೇಬಿಹಾಳದ ಹುಡುಗ ಇರಲಿಲ್ಲ, ಬೇರೆ ಯಾರೋ ಇದ್ದ. ನೆಮ್ಮದಿಯಾಯಿತು.

ಇದನ್ನು ಅಕ್ಕನ ಮಗನಿಗೆ ಹೇಳಿಲ್ಲ.

ಶ್ರಾವಣದಲ್ಲಿ ಅವರೆಲ್ಲ ಬಸವನ ಬಾಗೇವಾಡಿ ಜಾತ್ರೆಗೆ ಹೋಗಿದ್ದರು. ಅದು ಮುಗಿದ ಮೇಲೆ ಒಂದು ಸಂಜೆ ಫೋನು ಬಂತು. ಅಕ್ಕನ ಮೊಬೈಲು, ಮಾತು ಅವನದು. ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿದೆಯಾ ಅಂತ ಕೇಳಿದೆ.

“ಇಲ್ಲ ಮಾಮಾ. ರೊಕ್ಕ ಖರ್ಚ ಮಾಡಿಲ್ಲ. ಮುತ್ಯಾ ಕೊಟ್ಟ ನೂರು ರೂಪಾಯಿನೂ ಡಬ್ಬಿಯೊಳಗ ಹಾಕೀನಿ. ಅಲ್ಲೆ ಆ ಇನ್ನೊಂದು ಬಾಗಲದ ಟಿಕೀಟಿಗೆ ಎಷ್ಟು?”

“ಯಾಕೋ?”

“ನನಗೊಬ್ಬಂವಗs ಸಾಕು. ನೀವೆಲ್ಲಾ ಪಾಳಿಯೊಳಗ ನಿಂದರ್ರಿ, ನಾ ಹೋಗಿ ಬರ್ತೀನಿ.”

ಎಷ್ಟು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೆರಳು ಮಡಚುತ್ತಿದ್ದನೇನೋ.

“ಹಂಗಾದ್ರ ಇನ್ನೂ ಭಾಳ ಜಾತ್ರಿ ಬೇಕು, ಮಾಮಾ” ಅಂದ.