ಎರಡು ಬ್ರಹ್ಮಕಮಲಗಳು

ರಾಜರಾಜೇಶ್ವರಿನಗರದ ನಮ್ಮ ಮನೆಯ ತಾರಸಿಯ ಮೇಲೆ ಬ್ರಹ್ಮಕಮಲದ ಒಂದು ಕುಂಡವಿದೆ. ಮಳೆಗಾಲದ ಒಂದು ರಾತ್ರಿ ಅದು ಅರಳಿತೆಂದರೆ ನಮ್ಮ ಬೀದಿಗೇ ಹಬ್ಬ. ಮೊಗ್ಗು ಬಿರಿಯುವ ಲಕ್ಷಣ ಕಂಡೊಡನೆ ಅಮ್ಮ ಮನೆಮನೆಗೂ ಹೇಳಿಕಳಿಸುತ್ತಾಳೆ. ರಾತ್ರಿ ಹತ್ತಕ್ಕೆ ನೆರೆಹೊರೆಯವರೆಲ್ಲ ಸೇರುತ್ತಾರೆ, ಆರತಿಯಾಗುತ್ತದೆ. ಬೆಳಗಾಗುವ ವೇಳೆಗೆ ಹೂ ಬಾಡಿ ಜೋತುಬಿದ್ದಿರುತ್ತದೆ. ಆ ಗಿಡದ ಎಲೆಯನ್ನು ಎಲ್ಲಿಂದಲೋ ತಂದು ನೆಟ್ಟವರು ನಮ್ಮ ತಂದೆ. ಅವರು ಈಗಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ನಾನು ಉತ್ತರಾಖಂಡದ ಹೂಗಳ ಕಣಿವೆಗೆ ಹೋಗಿದ್ದೆ. 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಆಂಗ್ಲ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಇದನ್ನು ಕಂಡು ಬೆರಗಾಗಿ, ಮುಂದೆ ಪುಸ್ತಕವನ್ನೇ ಬರೆದ. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿ ಹಿಮಚಿರತೆಯುಂಟು, ಕಸ್ತೂರಿಮೃಗವುಂಟು ಎಂದು ಓದಿಕೊಂಡು ಹೋಗಿದ್ದ ನನಗೆ ದರ್ಶನ ಕೊಟ್ಟವು ದಾರಿಯಲ್ಲಿ ಹೊರೆ ಹೊತ್ತ ಹೇಸರಗತ್ತೆಗಳು ಮಾತ್ರ!

ಆದರೆ ಪಕ್ಕದ ಹೇಮಕುಂಡದ ಏರಿನಲ್ಲಿ, 4,000 ಮೀಟರಿಗೂ ಮೇಲೆ, ಬಂಡೆಗಳ ನಡುವೆ ನಿಜವಾದ ಬ್ರಹ್ಮಕಮಲ ಕಂಡಿತು. ತೆಳುಗಾಗದದಂಥ ತಿಳಿಹಳದಿ ಹೊದಿಕೆಯೊಳಗೆ ನೇರಳೆ ಬಣ್ಣದ ಪುಟ್ಟ ಗೊಂಚಲು. ಅದು ಸೂರ್ಯಕಾಂತಿಯ ಬಳಗದ್ದು. ಕೇದಾರ, ಬದರಿಗಳಲ್ಲಿ ದೇವರ ಮುಡಿಗೇರುವುದು. ನಮ್ಮ ತಾರಸಿಯದೋ, ಮೆಕ್ಸಿಕೋ ಕಡೆಯ ಕಳ್ಳಿ. ಅದರ ಎಲೆಯೆಂದು ನಾವು ನೆಡುವುದು ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಶಬ್ದ, ಅರ್ಥ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಮಾತನಾಡಿದವನಿಗೆ ಇದೇನು ಸಣ್ಣ ಸಂಗತಿಯೆ?

ಊರಿಗೆ ಬಂದವನೇ ಉತ್ಸಾಹದಿಂದ ಅಮ್ಮನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ.

“ಇದೇನೋ, ಎಲೆಕೋಸಿನ ಹಾಗಿದೆ!” ಎಂದಳು.

“ಇದೇ ಬ್ರಹ್ಮಕಮಲ, ಅಮ್ಮ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದರೆ ನಿಮ್ಮಪ್ಪ ತಂದದ್ದು?”

ಮೆಕ್ಸಿಕೋ, ಕಳ್ಳಿ, ಕಾಂಡ ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ದಾರಿಯುದ್ದಕ್ಕೂ ಅಣಿಮಾಡಿಕೊಂಡು ಬಂದಿದ್ದ ಉಪನ್ಯಾಸ ಗಂಟಲಲ್ಲೇ ಉಳಿಯಿತು. “ಅದಕ್ಕೂ ಅದೇ ಹೆಸರಮ್ಮ” ಎಂದೆ. ಅವಳು ನನ್ನ ಮುಖವನ್ನು ನೋಡಿ, ಏನೂ ಕೇಳದೆ ಒಳಗೆ ಹೋದಳು. ಸುಳ್ಳು ಹೇಳಲಿಲ್ಲ, ನಿಜ. ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ವರ್ಷ ಮತ್ತೆ ಹೂ ಅರಳಿತು. ಈ ಸಲ ಅಮ್ಮ ಯಾರಿಗಾದರೂ ಹೇಳಿಕಳಿಸುತ್ತಾಳೋ ಇಲ್ಲವೋ ಎಂದು ನನಗೆ ಅಳುಕಿತ್ತು. ಕಳಿಸಿದಳು. ಎಲ್ಲರೂ ಬಂದರು. ಪಕ್ಕದ ಮನೆಯ ಹುಡುಗಿ ಕೇಳಿದಳು: “ಅಜ್ಜಿ, ಇದು ಹಿಮಾಲಯದ ಹೂವಾ?”

“ಅಲ್ಲ ಮಗು, ಅದು ಬೇರೆ. ಇದು ತಾತ ತಂದದ್ದು” ಎಂದು ಅಮ್ಮ ಆರತಿಯ ಬತ್ತಿ ಹಚ್ಚಿದಳು.