ಬಿಟ್ಟುಹೋದ ನುಡಿ

ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸುವುದೇ ನನ್ನ ಉದ್ಯೋಗ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಅದನ್ನೇ ಮಾಡುತ್ತಾ ಬಂದಿದ್ದೇನೆ. ಆದರೆ ಕಳೆದ ಚಳಿಗಾಲದಲ್ಲಿ, ಮಯೂರ್ ವಿಹಾರದ ನಮ್ಮ ಮೂರು ಕೋಣೆಗಳ ಮನೆಯೊಳಗೆ, ಅಮ್ಮನ ಕೋಣೆಯ ಕಡತಗಳನ್ನು ಮಗಳ ಕೋಣೆಗೆ ತಲುಪಿಸಲು ನನಗೆ ನಾಲ್ಕು ಭಾನುವಾರಗಳು ಬೇಕಾದವು. ನಡುವಿನ ಅಂತರ ಹೆಚ್ಚೆಂದರೆ ಹದಿನೆಂಟು ಹೆಜ್ಜೆ.

ಅಮ್ಮ ಸಾಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಸೇವೆಯ ಕೊನೆಯ ವರ್ಷಗಳಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಲು ಕಲಿತಳು. ನಿವೃತ್ತಿಯ ಹಣದಲ್ಲಿ ಒಂದು ಕಂಪ್ಯೂಟರನ್ನೂ ಕೊಂಡಳು. ತನ್ನ ತಾಯಿಯಿಂದ ಕಲಿತ ಮದುವೆಯ ಹಾಡುಗಳನ್ನು, ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸಿಕೊಡುವವರೆಗಿನ ಎಪ್ಪತ್ತಾರು ಹಾಡುಗಳನ್ನು, ಅದರಲ್ಲಿ ಟೈಪಿಸಿದಳು. ಅಪ್ಪ ಹೋದ ಮೇಲೆ ದೆಹಲಿಗೆ ಬರುವಾಗ ಆ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಬಿಟ್ಟು ಬರಲು ಒಪ್ಪಲಿಲ್ಲ. ಹತ್ತಿ ಸೀರೆಗಳಲ್ಲಿ ಸುತ್ತಿಸಿ ಲಾರಿಯಲ್ಲಿ ತರಿಸಿಕೊಂಡಳು.

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್. ಕಾಲೇಜಿಗೆ ಹೋಗುವ ಮಗಳದು ಸೋದರಮಾವ ಕೊಟ್ಟ ಹಳೆಯ ಮ್ಯಾಕ್. ಅಮ್ಮನೊಡನೆ ಕನ್ನಡ, ಗೆಳತಿಯರೊಡನೆ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮಾತುಗಳು ಹಂಚಿಹೋದ ಮನೆಯಲ್ಲಿ ಗಣಕಗಳೂ ಮೂರು ಭಾಷೆಯವಾಗಿರುವುದರಲ್ಲಿ ಆಶ್ಚರ್ಯವಿರಲಿಲ್ಲ.

ಪೆನ್‌ಡ್ರೈವ್ ಇರುವಾಗ ಇಷ್ಟು ರಗಳೆ ಏಕೆ ಎಂದು ನೀವು ಕೇಳಬಹುದು. ನಾನೂ ಅಲ್ಲಿಂದಲೇ ಆರಂಭಿಸಿದೆ. ಹಾಡುಗಳನ್ನು ನನ್ನ ಲ್ಯಾಪ್‌ಟಾಪ್‌ಗೆ ತಂದು, ಕ್ರಮಸಂಖ್ಯೆ ಹಾಕಿ, ಶೀರ್ಷಿಕೆ ಸರಿಪಡಿಸಿ, ಒಂದು ವಾರದ ನಂತರ ಮರಳಿ ಅಮ್ಮನ ಯಂತ್ರಕ್ಕೆ ಹಾಕಿದೆ. ಅದೇ ಹೆಸರಿನ ಕಡತ ಇಲ್ಲಿದೆ, ಬದಲಿಸಲೇ ಎಂದು ಯಂತ್ರ ಕೇಳಿತು. ಎರಡರ ದಿನಾಂಕಗಳನ್ನೂ ತೋರಿಸಿತು. ನನ್ನದು ಹಿಂದಿನ ದಿನದ್ದು, ಅಮ್ಮನದು 2007ರ ಜನವರಿ 1ರದ್ದು. ಹಳೆಯದರ ಮೇಲೆ ಹೊಸದನ್ನು ಹಾಕಲು ಯೋಚಿಸುವುದೇನಿದೆ? ಹೌದು ಎಂದು ಒತ್ತಿದೆ.

ಸಂಜೆ ಅಮ್ಮ ಹೆಣ್ಣು ಒಪ್ಪಿಸುವ ಹಾಡನ್ನು ತೆರೆದು ಬಹಳ ಹೊತ್ತು ನೋಡಿದಳು. “ಮೊನ್ನೆ ಒಂದು ನುಡಿ ಸೇರಿಸಿದ್ದೆ ಕಣೇ. ಕಾಣ್ತಾ ಇಲ್ಲ” ಎಂದಳು.

ಐವತ್ತು ವರ್ಷಗಳಿಂದ ನೆನಪಿಗೆ ಬಾರದಿದ್ದ ನುಡಿ ಅದು. ಎರಡು ದಿನಗಳ ಹಿಂದೆ ಕುಕ್ಕರಿನ ಮುಂದೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಬಂದಿತ್ತಂತೆ. ಯಾವಾಗಲೂ ಮೊದಲು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವವಳು ಅಂದು ಮರೆತೀತೆಂಬ ಆತುರದಲ್ಲಿ ನೇರವಾಗಿ ಟೈಪಿಸಿದ್ದಳು. ಅಳಿಸಿದ ಕಡತವಾದರೆ ಗಣಕದ ಕಸದ ಬುಟ್ಟಿಯಲ್ಲಾದರೂ ಸಿಕ್ಕೀತು. ಮೇಲೆ ಬರೆದು ಮುಚ್ಚಿದ್ದು ಅಲ್ಲಿಗೂ ಹೋಗುವುದಿಲ್ಲ. “ಹೋಗ್ಲಿ ಬಿಡೆ ಮಾರಾಯ್ತಿ, ನೆನಪಾದಾಗ ಹೇಳ್ತೀನಿ” ಎಂದು ಅಮ್ಮ ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಕಾರಣ ಮರುದಿನ ತಿಳಿಯಿತು. ಕಂಪ್ಯೂಟರಿನ ಒಳಹಲಗೆಯಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದರ ಗುರುತು ಸಿಆರ್ 2032. ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಸತ್ತುಹೋಗಿತ್ತು. ಪ್ರತಿದಿನ ಸ್ವಿಚ್ ಹಾಕಿದಾಗಲೂ ಅಮ್ಮನ ಯಂತ್ರಕ್ಕೆ ಅದೇ 2007ರ ಜನವರಿ 1. ಅಂತರಜಾಲದ ಸಂಪರ್ಕವಿಲ್ಲದ ಕಾರಣ ತಪ್ಪನ್ನು ತಿದ್ದುವವರೂ ಇರಲಿಲ್ಲ. ಅತ್ಯಂತ ಹೊಸ ಕಡತವೇ ಅತ್ಯಂತ ಹಳೆಯದರಂತೆ ಕಂಡಿತ್ತು.

ಹೀಗೆ ಒಯ್ದು ತರುವ ಕೆಲಸವೇ ಬೇಡ, ಹಾಡುಗಳು ಒಂದೇ ಕಡೆ ಇದ್ದು ಮೂವರೂ ಅಲ್ಲಿಯೇ ಓದುವಂತಾಗಲಿ ಎಂದು ಅಂದು ನಿರ್ಧರಿಸಿದೆ. ಬ್ಯಾಟರಿ ಬದಲಿಸಿದೆ. ಮುಟ್ಟುವ ಮೊದಲು ಇಡೀ ಸಂಗ್ರಹದ ಎರಡು ಪ್ರತಿ ತೆಗೆದಿಟ್ಟೆ. ಆ ಬುದ್ಧಿ ಒಂದು ದಿನ ತಡವಾಗಿ ಬಂದಿತ್ತು.

ಯಂತ್ರವನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿದಾಗ ನನ್ನ ಲ್ಯಾಪ್‌ಟಾಪ್‌ನ ಕರೆಗೆ ಅದು ಓಗೊಟ್ಟಿತು. ಅಂದರೆ ದಾರಿ ಇದೆ. ಆದರೆ ಹಂಚಿಕೊಂಡ ಫೋಲ್ಡರನ್ನು ತೆರೆಯಹೋದರೆ ಸಂಪರ್ಕ ವಿಫಲವೆಂಬ ಉತ್ತರ. ಕಾರಣ ಇವುಗಳು ಆಡುವ ಮಾತಿನಲ್ಲಿತ್ತು. ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಒಪ್ಪಂದದ ಹೆಸರು ಎಸ್‌ಎಂಬಿ. ಎಕ್ಸ್‌ಪಿಗೆ ಬರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಆ ಆವೃತ್ತಿಯ ದೋಷವನ್ನೇ ಬಳಸಿ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಗಣಕಗಳನ್ನೂ ಕೆಡಿಸಿತು. ಈಗಿನ ವ್ಯವಸ್ಥೆಗಳು ಆ ಹಳೆಯ ಮಾತಿಗೆ ಬಾಗಿಲು ತೆರೆಯುವುದಿಲ್ಲ. ನನ್ನ ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಸಾಂಬಾ ತಂತ್ರಾಂಶವೂ 2019ರಿಂದ ಅದನ್ನು ತಾನಾಗಿ ಬಳಸುವುದನ್ನು ನಿಲ್ಲಿಸಿದೆ.

ಸಾಂಬಾದ ಹುಟ್ಟಿನ ಕಥೆ ನಮ್ಮಂಥ ಹೊರನಾಡಿಗರಿಗೆ ಹಿಡಿಸುವಂಥದ್ದು. ತೊಂಬತ್ತರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ಅದನ್ನು ಆರಂಭಿಸಿದರು. ಕೈಯಲ್ಲಿ ಆ ಒಪ್ಪಂದದ ವ್ಯಾಕರಣವಿರಲಿಲ್ಲ. ಒಂದು ಯಂತ್ರ ಏನು ಕೇಳಿದಾಗ ಇನ್ನೊಂದು ಏನು ಹೇಳುತ್ತದೆ ಎಂಬುದನ್ನು ತಂತಿಯ ಮೇಲೆ ಗಮನಿಸುತ್ತ ಕಲಿತರು. ಮುಂದೆ ಈ ವಿಧಾನವನ್ನು ವಿವರಿಸುವಾಗ, ಭಾಷೆ ಬಾರದವನು ಫ್ರೆಂಚ್ ಕೆಫೆಯಲ್ಲಿ ಕುಳಿತು ಪಕ್ಕದವರು ಏನು ಹೇಳಿದರೆ ಏನು ಬರುತ್ತದೆಂದು ನೋಡಿ ಕಲಿಯುವುದಕ್ಕೆ ಅವರು ಅದನ್ನು ಹೋಲಿಸಿದ್ದಾರೆ. ಎಪ್ಪತ್ತರ ಹತ್ತಿರದಲ್ಲಿ ದೆಹಲಿಗೆ ಬಂದ ಅಮ್ಮ ಮದರ್ ಡೈರಿ ಮಳಿಗೆಯ ಸಾಲಿನಲ್ಲಿ ನಿಂತು ಹಿಂದಿ ಕಲಿತದ್ದೂ ಹೀಗೆಯೇ.

ಎರಡನೆಯ ಭಾನುವಾರ ಮನೆಯ ಅಂತರಜಾಲ ಸಂಪರ್ಕವನ್ನು ಕಿತ್ತಿಟ್ಟು, ಸಾಂಬಾದ ಸಂರಚನೆಯಲ್ಲಿ ಒಂದು ಸಾಲು ಬದಲಿಸಿ, ಆ ಹಳೆಯ ಮಾತಿಗೆ ತಾತ್ಕಾಲಿಕ ಅನುಮತಿ ಕೊಟ್ಟೆ. ಫೋಲ್ಡರ್ ತೆರೆಯಿತು. ಎಕ್ಸ್‌ಪಿಯ ಸರಳ ಹಂಚಿಕೆಯಲ್ಲಿ ಜಾಲದಿಂದ ಬಂದವರೆಲ್ಲರೂ ಅದಕ್ಕೆ ಅತಿಥಿಗಳೇ. ಅಮ್ಮನ ಗಣಕದೊಳಗೆ ನಾನು ಅತಿಥಿಯಾಗಿ ಪ್ರವೇಶಿಸಿದೆ. ನೋಡುವ ಹಕ್ಕು ಇತ್ತು, ತಿದ್ದುವ ಹಕ್ಕು ಇರಲಿಲ್ಲ. ಅದು ನ್ಯಾಯವೆಂದೇ ನನಗೆ ತೋರಿತು. ಹಾಡುಗಳು ನನ್ನ ಲ್ಯಾಪ್‌ಟಾಪ್‌ಗೆ ಬಂದವು. ಬದಲಿಸಿದ ಸಾಲನ್ನು ಮೊದಲಿನಂತೆ ಮಾಡಿ ಬಾಗಿಲು ಮುಚ್ಚಿದೆ. ಇನ್ನು ಮುಂದೆ ಹಂಚಿಕೆಯ ಫೋಲ್ಡರ್ ಲಿನಕ್ಸ್‌ನಲ್ಲಿಯೇ ಎಂದು ನಿಶ್ಚಯವಾಯಿತು.

ಮಗಳು ತನ್ನ ಮ್ಯಾಕ್‌ನಿಂದ ಅದನ್ನು ತೆರೆದು ಕೂಗಿದಳು: “ಅಮ್ಮಾ, ಅಜ್ಜಿಯ ಹಾಡು ಜರ್ಮನ್ ತರಹ ಇದೆ!” ತಲೆಯ ಮೇಲೆ ಗೀಟು, ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲುಗಳು. ಹಳೆಯ ನುಡಿಯ ಫಾಂಟ್‌ಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಆ ಫಾಂಟ್ ಇರುವಲ್ಲಿ ಮಾತ್ರ ಅದು ಕನ್ನಡ. ಇಲ್ಲದಲ್ಲಿ ಏನೂ ಅಲ್ಲ. ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯನ್ನೇ ಕೊಟ್ಟಿದೆ. ಹಳೆಯದನ್ನು ಅದಕ್ಕೆ ಒಗ್ಗಿಸುವ ಪರಿವರ್ತಕಗಳಿವೆ. ಆದರೂ ಅರ್ಕಾವತ್ತಿನಲ್ಲಿ ಎಡವುವ ಸಂಭವ ಹೆಚ್ಚು: ನಾವು ಬರೆಯುವಾಗ ಅಕ್ಷರದ ನಂತರ ಬರುವ ಆ ಗುರುತು ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ಬರಬೇಕು. ಮೂರನೆಯ ಭಾನುವಾರ ಅಮ್ಮ ಕನ್ನಡಕ ಹಾಕಿಕೊಂಡು ಎಪ್ಪತ್ತಾರು ಹಾಡುಗಳ ಕರಡು ತಿದ್ದಿದಳು.

ನಾಲ್ಕನೆಯ ಭಾನುವಾರದ ಸಮಸ್ಯೆ ಎಲ್ಲಕ್ಕಿಂತ ವಿಚಿತ್ರವಾಗಿತ್ತು. ಮಗಳು ಕೆಲವು ಹಾಡುಗಳನ್ನು ತನ್ನ ಮ್ಯಾಕ್‌ನಲ್ಲಿ ಇಟ್ಟುಕೊಂಡು ಜಿಪ್ ಮಾಡಿ ಮರಳಿ ಕಳಿಸಿದ್ದಳು. ಬಿಚ್ಚಿದಾಗ ಒಂದೇ ಫೋಲ್ಡರಿನಲ್ಲಿ ‘ಶೋಭಾನೆ’ ಎಂಬ ಹೆಸರಿನ ಎರಡು ಕಡತಗಳು. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಗಣಕಕ್ಕೆ ಮಾತ್ರ ಅವು ಬೇರೆ ಬೇರೆ. ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತದೆ; ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಗಾಳಿಯಲ್ಲಿ ಬೆರಳಾಡಿಸಿ ‘ಶೋ’ ಬರೆದಳು. “ಎತ್ವ, ಕೊಂಬಿನಿಳಿ, ದೀರ್ಘ. ನಾವು ಬರೆಯೋದೂ ಹಾಗೇ ತಾನೆ? ಎರಡೂ ಸರಿನೇ” ಎಂದಳು. ಸರಿಯೇ. ಆದರೆ ಎರಡು ಸರಿಗಳು ಒಂದೇ ಫೋಲ್ಡರಿನಲ್ಲಿ ಇರಲಾರವು. ಈ ಬಾರಿ ಯಾವುದನ್ನೂ ಮುಚ್ಚದೆ ಎರಡನ್ನೂ ತೆರೆದು ಸಾಲು ಸಾಲಾಗಿ ಹೋಲಿಸಿ, ಒಂದೇ ಎಂದು ಖಚಿತವಾದ ಮೇಲೆ ಒಂದನ್ನು ತೆಗೆದೆ. ಉಳಿದ ಹೆಸರುಗಳನ್ನು ಕೂಡಿದ ರೂಪಕ್ಕೆ ತರಲು ಲಿನಕ್ಸ್‌ನಲ್ಲಿ ಒಂದು ಪುಟ್ಟ ಸಲಕರಣೆಯೇ ಇದೆ.

ಈಗ ಅಮ್ಮ ಲಿನಕ್ಸ್‌ನಲ್ಲಿಯೇ ಟೈಪಿಸುತ್ತಾಳೆ. ನುಡಿಯಲ್ಲಿದ್ದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇಲ್ಲಿಯೂ ಇರುವುದರಿಂದ ಅವಳ ಬೆರಳುಗಳು ಹೊಸತೇನನ್ನೂ ಕಲಿಯಬೇಕಾಗಲಿಲ್ಲ. ಮಗಳು ತನ್ನ ಕೋಣೆಯಿಂದಲೇ ಹಾಡುಗಳನ್ನು ತೆರೆದು ನಿಧಾನವಾಗಿ ಓದುತ್ತಾಳೆ. ತಡವರಿಸಿದಾಗ ಅಜ್ಜಿ ಈ ಕೋಣೆಯಿಂದಲೇ ಹಾಡಿ ತಿದ್ದುತ್ತಾಳೆ.

ಹೆಣ್ಣು ಒಪ್ಪಿಸುವ ಹಾಡಿನಲ್ಲಿ ನಾಲ್ಕನೆಯ ನುಡಿಯ ನಂತರ ಅಮ್ಮ ಒಂದು ಸಾಲು ಸೇರಿಸಿದ್ದಾಳೆ. ಜೀವಮಾನವೆಲ್ಲ ಕಚೇರಿಯ ಟಿಪ್ಪಣಿ ಬರೆದವಳ ಶೈಲಿಯಲ್ಲಿಯೇ ಇದೆ: ‘ಇಲ್ಲಿ ಒಂದು ನುಡಿ ಬಿಟ್ಟುಹೋಗಿದೆ.’ ಯಾರಿಂದ ಎಂದು ಬರೆದಿಲ್ಲ. ಅದನ್ನು ತೆಗೆಯಲೇ ಎಂದು ಕೇಳಿದೆ. “ಇರ್ಲಿ. ಇಲ್ಲದಿದ್ರೆ ಇವಳು ಹಾಡು ಇಷ್ಟೇ ಅಂದ್ಕೊಳ್ತಾಳೆ” ಎಂದಳು.

ಊರಿನಲ್ಲಿಯೋ ಮನೆಯ ಅಟ್ಟದ ಮೇಲೆಯೋ ಹಿರಿಯರು ಟೈಪಿಸಿಟ್ಟ ಗಣಕವೊಂದು ನಿಮ್ಮಲ್ಲಿಯೂ ಇರಬಹುದು. ಅದರಿಂದ ಏನನ್ನಾದರೂ ತರುವ ಮೊದಲು, ದಯವಿಟ್ಟು, ಅದರ ಗಡಿಯಾರ ಯಾವ ದಿನವನ್ನು ತೋರಿಸುತ್ತಿದೆ ಎಂದು ನೋಡಿ.